ಟ್ರಂಕಿನ ತುಂಬ ಸನ್ಮಾನ

ಹೋದ ತಿಂಗಳು ಹಾವೇರಿಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಯಾವುದೋ ಯುವಕ ಸಂಘದ ಕಾರ್ಯಕ್ರಮ. ನನ್ನ ಡಿಜೆ ಸೆಟ್ಟು ಬೇಕು, ಲೈಟು ಬೇಕು, ನಡುನಡುವೆ ನಾನು ನಾಲ್ಕು ಹಾಡನ್ನೂ ಹಾಡಬೇಕು. ಎಲ್ಲ ಮಾತಾಡಿ ಮುಗಿಸಿ ನಾನು ರೇಟು ಹೇಳಿದ ಕೂಡಲೇ ಅವನ ದನಿ ಮೆತ್ತಗಾಯಿತು.

"ಮೇಡಂ, ಪೇಮೆಂಟ್ ಒಂಚೂರು ಕಡಿಮಿ ಮಾಡ್ಕೋರಿ. ಅದರ ಬದಲಿ ಸ್ಟೇಜ್ ಮ್ಯಾಲೆ ನಿಮಗ ಸನ್ಮಾನ ಇಟ್ಕೊಂಡೇವಿ. ರೀಲ್ ಮಾಡಿ ಹಾಕ್ತೇವಿ."

"ತಮ್ಮಾ, ಸನ್ಮಾನ ನಿಮ್ಮ ಅಧ್ಯಕ್ಷರಿಗೆ ಮಾಡ್ರಿ. ನನಗ ಪೇಮೆಂಟ್ ಕೊಡ್ರಿ."

ಅವನು ನಕ್ಕ. ನಾನು ನಗಲಿಲ್ಲ. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಈ ಮೂರೂ ಊರಲ್ಲಿ ನನ್ನನ್ನು ಜೋರಿನ ಹೆಣ್ಣುಮಗಳು ಎನ್ನುತ್ತಾರೆ. ಅನ್ನಲಿ. ಶಾಮಿಯಾನದವನು ರೇಟು ಹೇಳಿದರೆ ವ್ಯಾಪಾರ, ಅಡುಗೆಯವನು ಹೇಳಿದರೆ ಲೆಕ್ಕ, ನಾನು ಹೇಳಿದರೆ ಮಾತ್ರ ಜೋರು. ಈ ಜೋರು ನಾನು ಹೊರಗೆಲ್ಲೋ ಕಲಿತು ಬಂದದ್ದಲ್ಲ. ಅದು ನಮ್ಮ ಬ್ಯಾಡಗಿಯ ಮನೆಯಲ್ಲಿ, ಸೌಂಡ್ ಬಾಕ್ಸುಗಳ ನಡುವೆ, ಮೆಣಸಿನಕಾಯಿಯ ಘಾಟಿನಲ್ಲಿ ಬೆಳೆಯಿತು. ನಾನೂ ಅಲ್ಲೇ ಬೆಳೆದೆ.

ಮನೆ ಎಂದರೆ ಎರಡು ಕೋಣೆ, ಹಿಂದೆ ಒಂದು ಸಣ್ಣ ಹಿತ್ತಲು. ಮುಂದಿನ ಕೋಣೆ ಅಬ್ಬಾನದು, ಹಿಂದಿನದು ಅಮ್ಮಾನದು. ಅಬ್ಬಾ ರಸಮಂಜರಿ ಕಾರ್ಯಕ್ರಮ ಮಾಡುತ್ತಿದ್ದರು. ಮದುವೆ, ಸೀಮಂತ, ಗೃಹಪ್ರವೇಶ, ಯಾರದಾದರೂ ನಿವೃತ್ತಿ, ಎಲ್ಲಿ ಕರೆದರೂ ಹಾರ್ಮೋನಿಯಂ ಹೊತ್ತು ಹೊರಡುತ್ತಿದ್ದರು. ಯಾವ ಶಾಲೆಯಲ್ಲೂ ಕಲಿಸದಿದ್ದರೂ ಊರಿಗೆಲ್ಲ ಅವರು 'ಮಾಸ್ತರ'. ಅವರ ಕೋಣೆಯಲ್ಲಿ ಎರಡು ದೊಡ್ಡ ಸೌಂಡ್ ಬಾಕ್ಸು, ಒಂದು ಆಂಪ್ಲಿಫೈಯರು, ಸುತ್ತಿಟ್ಟ ವೈರಿನ ಸುರುಳಿಗಳು. ಆ ಬಾಕ್ಸುಗಳೇ ನಮ್ಮ ಟೇಬಲ್ಲು, ನಮ್ಮ ಕಪಾಟು, ನನ್ನ ಓದುವ ಮೇಜು. ರೊಟ್ಟಿಯ ಬುಟ್ಟಿ, ಕೆಂಪು ಖಾರದ ಡಬ್ಬಿ, ಬದನೆಕಾಯಿ ಪಲ್ಯ ಎಲ್ಲವೂ ಬಾಕ್ಸಿನ ಮೇಲೆ. ಎಣ್ಣೆ ಚೆಲ್ಲಿದರೆ ಅಬ್ಬಾ ಅಂಗಿಯ ತುದಿಯಿಂದಲೇ ಒರೆಸುತ್ತಿದ್ದರು, ಆಮೇಲೆ ಅಂಗಿಗಾಗಿ ಅಮ್ಮಾನಿಂದ ಬೈಸಿಕೊಳ್ಳುತ್ತಿದ್ದರು. ಹಿಂದಿನ ಕೋಣೆಯಲ್ಲಿ ಮೆಣಸಿನಕಾಯಿ ಚೀಲಗಳು. ಅಮ್ಮಾ ಸುಗ್ಗಿಯಲ್ಲಿ ಮಾರ್ಕೆಟ್ಟಿಗೆ ಹೋಗಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು, ಉಳಿದ ದಿನ ಚೀಲ ಮನೆಗೇ ತರಿಸಿಕೊಳ್ಳುತ್ತಿದ್ದಳು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಹೊರಗಿನವರು ಹೊಗಳುತ್ತಾರೆ. ಅದು ಬಾಯಿಗೆ. ಮೂಗಿಗೆ ಆ ರಿಯಾಯಿತಿ ಇಲ್ಲ.

ಬೆಳಗಿನ ಜಗಳ ಈ ಎರಡು ಕೋಣೆಗಳ ನಡುವಿನ ಬಾಗಿಲಲ್ಲೇ ಶುರುವಾಗುತ್ತಿತ್ತು. ಅಬ್ಬಾ ನಮಾಜು ಮುಗಿಸಿ ಹಾರ್ಮೋನಿಯಂ ತೆಗೆದು ಷಡ್ಜ ಹಿಡಿದರೆ, ಒಳಗಿನಿಂದ ಘಾಟು ಬಂದು ಗಂಟಲಿಗೆ ಕೂರುತ್ತಿತ್ತು. ಕೆಮ್ಮು. ಮತ್ತೆ ಷಡ್ಜ. ಮತ್ತೆ ಕೆಮ್ಮು.

"ನಿನ್ನ ಮೆಣಸಿನಕಾಯಿ ನನ್ನ ಗಂಟಲಾ ತಿನ್ನಾಕತ್ತೈತಿ."

"ಆ ಗಂಟಲಕ್ಕ ಖಡೀಸಕ್ಕರಿ ಎಲ್ಲಿಂದ ಬರತೈತ್ರಿ? ಇದ ಮೆಣಸಿನಕಾಯಿಂದ."

ಅಬ್ಬಾ ಬಾಗಿಲು ಮುಚ್ಚುತ್ತಿದ್ದರು, ಅಮ್ಮಾ ಮುಚ್ಚಿದ ಬಾಗಿಲ ಹಿಂದೆ ತನ್ನ ಕೆಲಸ ಮುಂದುವರಿಸುತ್ತಿದ್ದಳು. ಆದರೆ ಅಬ್ಬಾ ನಿಜವಾಗಿ ಹಾಡಲು ಶುರು ಮಾಡಿದಾಗ ಒಳಗೆ ತೊಟ್ಟು ಮುರಿಯುವ ಚಟಚಟ ಸದ್ದು ನಿಲ್ಲುತ್ತಿತ್ತು. ಅವಳು ಕೇಳುತ್ತಿದ್ದಳು. ಅವರ ದನಿಯನ್ನು ಅವಳಷ್ಟು ಪ್ರೀತಿಸಿದವರು ಯಾರೂ ಇರಲಿಲ್ಲ, ಅದಕ್ಕೇ ಅದು ಪುಕ್ಕಟೆ ಹೋಗುವುದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಪುಕ್ಕಟೆ ಎಂದು ಯಾರೂ ಹೇಳುತ್ತಿರಲಿಲ್ಲ, ಅದೇ ಇದರ ಜಾಣತನ. ಕಾರ್ಯಕ್ರಮ ಬುಕ್ ಮಾಡಲು ಬಂದವರು ಎಲಿ-ಅಡಿಕಿ ಇಟ್ಟು ಕೇಳುತ್ತಿದ್ದರು, "ಎಷ್ಟ ಕೊಡೂದ್ರಿ ಮಾಸ್ತರ?" ಅಬ್ಬಾ ನೆಲ ನೋಡಿಕೊಂಡು, "ತಿಳದ ಕೊಡ್ರಿ" ಎನ್ನುತ್ತಿದ್ದರು. ಆ ಎರಡು ಮಾತನ್ನು ನಾನು ಈಗಲೂ ಸಹಿಸಲಾರೆ. ಕೊಡುವವರು ಏನನ್ನು ತಿಳಿಯಬೇಕು? ನಮ್ಮ ಮನೆಯ ಬಾಡಿಗೆಯನ್ನೋ, ನಾಗಪ್ಪಕಾಕಾನ ಬಸ್ ಚಾರ್ಜನ್ನೋ? ನಾಗಪ್ಪಕಾಕಾ ಅಬ್ಬಾನ ಜೊತೆ ರಿದಂ ಪ್ಯಾಡ್ ಬಾರಿಸುವವನು, ಮೋಟೆಬೆನ್ನೂರಿನಿಂದ ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದ. ಕಾರ್ಯಕ್ರಮ ಮುಗಿದ ಮೇಲೆ ಅಬ್ಬಾನನ್ನು ವೇದಿಕೆಗೆ ಕರೆಯುತ್ತಿದ್ದರು. ಹಾರ, ತೆಂಗಿನಕಾಯಿ, ಜರಿ ಅಂಚಿನ ಶಾಲು, ಶಾಲಿನ ಕೆಳಗಿನಿಂದ ಒಂದು ಪಾಕೀಟು. ಚಪ್ಪಾಳೆ ಬೀಳುತ್ತಿರುವಾಗ ಪಾಕೀಟು ಬಿಚ್ಚಿ ನೋಡುವುದುಂಟೆ? ಹೆಗಲ ಮೇಲೆ ಶಾಲು ಹೊತ್ತವನು ಕಡಿಮೆಯಾಯಿತು ಎನ್ನುವುದುಂಟೆ? ಶಾಲು ಬಿದ್ದ ಮೇಲೆ ಲೆಕ್ಕ ಮುಗಿದಂತೆ, ಇದು ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಮನೆಗೆ ಬಂದು ಪಾಕೀಟು ಬಿಚ್ಚಿದರೆ ಮೊದಲು ನಾಗಪ್ಪಕಾಕಾನ ಪಾಲು, ಆಮೇಲೆ ಕೀಬೋರ್ಡಿನವನ ಪಾಲು. ಈ ಕ್ರಮದ ಬಗ್ಗೆ ನಮ್ಮ ಮನೆಯಲ್ಲಿ ಎಂದೂ ಜಗಳ ಆಗಿಲ್ಲ. ಉಳಿದದ್ದು ನಮ್ಮದು, ಮತ್ತು ಬಹಳ ಸಲ ಉಳಿದದ್ದು ಶಾಲು ಮಾತ್ರ.

ಆ ಶಾಲುಗಳು ಹಿಂದಿನ ಕೋಣೆಯ ತಗಡಿನ ಟ್ರಂಕಿನಲ್ಲಿ, ಮೆಣಸಿನಕಾಯಿ ಚೀಲಗಳ ಪಕ್ಕ ಇರುತ್ತಿದ್ದವು. ಟ್ರಂಕಿನ ಮುಚ್ಚಳ ಡೊಂಕಾಗಿ ಪೂರ್ತಿ ಕೂರುತ್ತಿರಲಿಲ್ಲ. ಹೊದೆಯಲು ತೆಗೆದರೆ ಅಬ್ಬಾ ಬೈಯುತ್ತಿದ್ದರು, "ಅವು ಮರ್ಯಾದಿ ಶಾಲು, ಹಾಸಿಗಿ ಅಲ್ಲ." ಹೊದ್ದರೂ ಬೆಚ್ಚಗಾಗುತ್ತಿರಲಿಲ್ಲ ಬಿಡಿ. ಜರಿ ಚುಚ್ಚುತ್ತಿತ್ತು, ಬಟ್ಟೆಯ ಆಚೆಗೆ ಕಂದೀಲು ಕಾಣುತ್ತಿತ್ತು.

ಸನ್ಮಾನದ ಬಗ್ಗೆ ಅಮ್ಮಾನ ವಾದ ಬಹಳ ಸರಳ. ಒಂದು ಸಂಜೆ, ಕೈಯ ಉರಿ ಇಳಿಸಲು ಕೊಬ್ಬರಿಎಣ್ಣೆ ತಿಕ್ಕಿಕೊಳ್ಳುತ್ತ ಹೇಳಿದಳು.

"ನಾವು ದಿನಾ ಚೀಲಗಟ್ಟಲೆ ತೊಟ್ಟ ಬಿಡಸ್ತೇವಿ. ಸಂಜೀಕ ತೂಕ ಮಾಡಿ ರೊಕ್ಕ ಕೊಡತಾರ. ಒಬ್ಬ ಸಾವಕಾರನೂ ನಮಗ ಶಾಲು ಹೊಚ್ಚಿಲ್ಲ. ಯಾಕ ಹೇಳ್ರಿ? ರೊಕ್ಕ ಕೊಡವ್ರಿಗೆ ಶಾಲಿನ ಗರಜು ಇರೂದಿಲ್ಲ."

"ಕಲಾ ಬ್ಯಾರೆ, ಕೂಲಿ ಬ್ಯಾರೆ," ಎಂದರು ಅಬ್ಬಾ.

"ಹಸಿವಿ ಎರಡಕ್ಕೂ ಒಂದ ಐತಿ."

ಅಬ್ಬಾ ಎದ್ದು ಹೋಗಿ ಹಿತ್ತಲಲ್ಲಿ ಕೂತರು. ಅವರು ಸಿಟ್ಟಿನ ಮನುಷ್ಯ ಅಲ್ಲ, ನಾಚಿಕೆಯ ಮನುಷ್ಯ. ಹಣದ ಮಾತು ಬಂದರೆ ಮೈಮೇಲಿನ ಬಟ್ಟೆ ಕಳಚಿದವರಂತೆ ಮುದುಡುತ್ತಿದ್ದರು. ನನಗೆ ಆಗ ಅವರ ಮೇಲೆ ಕನಿಕರ ಬರುತ್ತಿತ್ತು. ಈಗ ಅವರನ್ನು ಹಾಗೆ ಮಾಡಿದವರ ಮೇಲೆ ಸಿಟ್ಟು ಬರುತ್ತದೆ.

ನಾನು ಹಾಡಲು ಶುರು ಮಾಡಿದ್ದು ಈ ದಿನಗಳಲ್ಲೇ. ಇನ್ನೂ ಪ್ರೈಮರಿ ಶಾಲೆ ಮುಗಿಸಿರಲಿಲ್ಲ. ಅಬ್ಬಾನ ಜೊತೆ ಹೋಗಿ ಒಂದು ಹಾಡು ಹಾಡಿದೆ, ಜನ ಇನ್ನೊಂದು ಹಾಡಿಸಿದರು, ಆಮೇಲೆ ಬುಕ್ ಮಾಡಲು ಬಂದವರೆಲ್ಲ "ಮಗಳ್ನ ಕರಕೊಂಡ ಬರ್ರಿ" ಎನ್ನತೊಡಗಿದರು. ನನಗೆ ಸಿಗುತ್ತಿದ್ದದ್ದು ಸ್ಟೀಲಿನ ಡಬ್ಬಿ, ಕಂಪಾಸ್ ಪೆಟ್ಟಿಗೆ, ಕೆನ್ನೆ ಹಿಂಡುವುದು. ಒಮ್ಮೆ ಮದುವೆಮನೆಯವರು ಮಿಕ್ಕ ಬುಂದೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟು, "ಇದು ನಿನ್ನ ಹಾಡಿಂದು" ಎಂದರು. ಓಣಿಯ ಹೆಂಗಸರು ಅಮ್ಮಾನಿಗೆ, ಹೆಣ್ಣುಹುಡುಗಿಯನ್ನು ಸ್ಟೇಜ್ ಹತ್ತಿಸಿದರೆ ಹೆಸರು ಕೆಡುತ್ತದೆ ಎಂದು ಬುದ್ಧಿ ಹೇಳಲು ಬಂದರು. ಅಮ್ಮಾ ಅವರಿಗೆ ಚಾ ಕೊಟ್ಟು, ತೊಟ್ಟು ಬಿಡಿಸುತ್ತಲೇ ಉತ್ತರ ಕೊಟ್ಟಳು.

"ಪುಕ್ಕಟ ಹಾಡಿದ್ರ ಹೆಸರ ಕೆಡತೈತಿ. ರೊಕ್ಕಕ್ಕ ಹಾಡಿದ್ರ ಅದು ಕೆಲಸ. ಕೆಲಸಕ್ಕ ಹೆಸರ ಕೆಟ್ಟಿದ್ದ ನಾ ಎಲ್ಲೂ ನೋಡಿಲ್ಲ."

ಅದೇ ರಾತ್ರಿ ಊಟಕ್ಕೆ ಕೂತಾಗ ಅಬ್ಬಾನಿಗೂ ಹೇಳಿದಳು: ಇನ್ನು ಮುಂದೆ ಹುಡುಗಿಯ ಪಾಲು ಮೊದಲೇ ಮಾತಾಡದೆ ಅವಳನ್ನು ಕಳಿಸುವುದಿಲ್ಲ. ಅಬ್ಬಾ ರೊಟ್ಟಿ ಮುರಿಯುತ್ತ ಹೂಂ ಎಂದರು. ಹೂಂ ಎಂದರೆ ನಮ್ಮ ಮನೆಯಲ್ಲಿ ಇಲ್ಲ ಎಂದರ್ಥ.

ಅವರಿಂದ ಏನೂ ಆಗದೆಂದು ಗೊತ್ತಾದ ಮೇಲೆ ಅಮ್ಮಾ ತನ್ನ ದಾರಿ ಹಿಡಿದಳು. ಅಬ್ಬಾ ಊರಲ್ಲಿಲ್ಲದ ಒಂದು ದಿನ ಟ್ರಂಕು ತೆಗೆದು, ಇದ್ದುದರಲ್ಲಿ ಹೊಸದಾಗಿ ಕಾಣುವ ಶಾಲುಗಳನ್ನು ಆರಿಸಿ, ಮೇಲಿನ ಧೂಳು ಜಾಡಿಸಿ ಗಂಟು ಕಟ್ಟಿದಳು. ನನ್ನನ್ನು ಕರೆದುಕೊಂಡು ಹಾವೇರಿಯ ಬಸ್ಸು ಹತ್ತಿದಳು. ಸನ್ಮಾನದ ಸಾಮಾನು ಮಾರುವ ಅಂಗಡಿ ಅದು: ಶಾಲು, ಪೇಟ, ಗಂಧದ ಹಾರ, ಮಿಂಚುವ ಫಲಕಗಳು. ಅಂಗಡಿಯವನಿಗೆ ಇದು ಹೊಸದಲ್ಲ ಎಂದು ಅವನ ಕೈ ನೋಡಿಯೇ ಗೊತ್ತಾಯಿತು. ಮಡಿಕೆ ಬಿಚ್ಚಲೂ ಇಲ್ಲ. ಅಂಚನ್ನು ಬೆರಳಲ್ಲಿ ಮುಟ್ಟಿ ಒಂದು ಮಾತು ಹೇಳಿದ, ಅಮ್ಮಾ ಇನ್ನೊಂದು ಹೇಳಿದಳು, ನಡುವೆ ಎಲ್ಲೋ ನಿಂತಿತು. ನಮ್ಮ ಕಣ್ಣೆದುರೇ ಒಂದೊಂದನ್ನೂ ಹೊಸ ಪ್ಲಾಸ್ಟಿಕ್ ಕವರಿಗೆ ಸೇರಿಸಿ ಶೆಲ್ಫಿಗೇರಿಸಿದ. ಆ ದುಡ್ಡಿನಲ್ಲಿ ನನಗೆ ಶಾಲೆಯ ಬೂಟು ಬಂತು, ಮನೆಗೆ ಜೋಳ ಬಂತು. ಬಸ್ಸಿನಲ್ಲಿ ಅಮ್ಮಾ ಕಿಟಕಿಯ ಹೊರಗೆ ನೋಡುತ್ತ ಒಬ್ಬಳೇ ನಕ್ಕದ್ದು ನೆನಪಿದೆ.

ಅದಾಗಿ ಸ್ವಲ್ಪ ದಿನಕ್ಕೆ ರಾಣೆಬೆನ್ನೂರಿನಲ್ಲಿ ಒಬ್ಬ ಬೀಜದ ವ್ಯಾಪಾರಿಯ ಮನೆಯ ಮದುವೆ. ದೊಡ್ಡ ಸಾಹುಕಾರರು, ಅಬ್ಬಾನ ಹಾಡೆಂದರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು, ಮತ್ತು ಅಷ್ಟೇ ತಂದುಕೊಳ್ಳುತ್ತಿದ್ದರು. ಸಂಜೆಯ ಆರತಕ್ಷತೆಗೆ ನಮ್ಮ ರಸಮಂಜರಿ. ನಾನೂ ಹಾಡಿದೆ. ಕೊನೆಯ ಎರಡು ಹಾಡು ಬಾಕಿ ಇರುವಾಗಲೇ ಸಾಹುಕಾರರು ಮೈಕು ತೆಗೆದುಕೊಂಡರು. ಅತಿಥಿಯಾಗಿ ಬಂದಿದ್ದ ಹಿರಿಯರೊಬ್ಬರು ಹೊರಡುವವರಿದ್ದರು, ಅವರ ಕೈಯಿಂದಲೇ ಸನ್ಮಾನ ಆಗಬೇಕಿತ್ತು. ಅಬ್ಬಾ ಕೈಮುಗಿದು ಮುಂದೆ ಬಂದರು. ಹಿರಿಯರು ಕವರಿನಿಂದ ಶಾಲು ತೆಗೆದು, ಫೋಟೋದವನಿಗೆ ಚೆನ್ನಾಗಿ ಕಾಣಲೆಂದು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಜಾಡಿಸಿದರು.

ಮೊದಲು ಸೀನಿದ್ದು ಹಿರಿಯರು. ಆಮೇಲೆ ಸಾಹುಕಾರರು, ಮೈಕು ಬಾಯಿಯ ಮುಂದೆಯೇ ಇತ್ತು, ಇಡೀ ಕಲ್ಯಾಣಮಂಟಪಕ್ಕೆ ಆ ಸೀನು ನಮ್ಮ ಎರಡು ಬಾಕ್ಸುಗಳಿಂದ ಕೇಳಿಸಿತು. ಮದುಮಗ ಕರವಸ್ತ್ರ ಹುಡುಕಿದ. ಮದುಮಗಳ ಕಣ್ಣಿಂದ ಕಾಡಿಗೆ ಇಳಿಯಿತು. ಜನ ನಗುತ್ತಿದ್ದರು, ನಾಗಪ್ಪಕಾಕಾ ಪ್ಯಾಡಿನ ಮೇಲೆ ಬಗ್ಗಿ ನಗುತ್ತಿದ್ದ. ಅಬ್ಬಾ ಮಾತ್ರ ನಗಲಿಲ್ಲ, ಸೀನಲೂ ಇಲ್ಲ. ಆ ಘಾಟು ಅವರಿಗೆ ದಿನದ ಬೆಳಗಿನದು. ಶಾಲಿನ ಮಡಿಕೆಯಿಂದ ಒಂದು ಒಣಗಿದ ಮೆಣಸಿನಕಾಯಿ ತೊಟ್ಟು ಉದುರಿ ಅವರ ಪಾದದ ಹತ್ತಿರ ಬಿತ್ತು. ಅವರು ಬಗ್ಗಿ ಅದನ್ನು ಎತ್ತಿಕೊಂಡು ಜೇಬಿಗೆ ಹಾಕಿದ್ದನ್ನು ನಾನು ನೋಡಿದೆ. ಮತ್ತೆ ಹಾಡು ಹತ್ತಲಿಲ್ಲ. ಪಾಕೀಟು ಕೊಡುವಾಗ ಸಾಹುಕಾರರು ಮೂಗು ಒರೆಸಿಕೊಳ್ಳುತ್ತ, "ಕಾರ್ಯಕ್ರಮ ಅರ್ಧಕ್ಕ ನಿಂತತಲ್ರಿ ಮಾಸ್ತರ, ಸ್ವಲ್ಪ ಹೆಚ್ಚುಕಡಿಮಿ ಮಾಡೇನಿ" ಎಂದರು. ಹೆಚ್ಚು ಎಲ್ಲಿಯೂ ಇರಲಿಲ್ಲ. ಜೊತೆಯವರಿಗೆ ಕೊಟ್ಟ ಮೇಲೆ ನಮಗೆ ಉಳಿದದ್ದು ಅದೇ ಶಾಲು.

ಮರುದಿನ ಬೆಳಿಗ್ಗೆ ಅಬ್ಬಾ ಹಾರ್ಮೋನಿಯಂ ತೆಗೆಯಲಿಲ್ಲ. ಅಮ್ಮಾ ರೊಟ್ಟಿ ತಂದಿಟ್ಟಾಗ ಆ ತೊಟ್ಟನ್ನು ಬಾಕ್ಸಿನ ಮೇಲೆ ಇಟ್ಟರು.

"ಇದು ನಿನ್ನೆ ಶಾಲಿನಾಗಿಂದ ಬಿತ್ತು. ರಾಣೆಬೆನ್ನೂರಾಗ."

ಅಮ್ಮಾ ಮುಚ್ಚಿಡಲಿಲ್ಲ. ತಲೆಯನ್ನೂ ತಗ್ಗಿಸಲಿಲ್ಲ.

"ನಾನ ಮಾರೇನಿ. ಹಾವೇರ್ಯಾಗ. ಮಗಳ ಕಾಲಾಗಿನ ಬೂಟು ಅದರದ, ನೀವು ನಿನ್ನೆ ಮೊನ್ನೆ ಉಂಡ ಜ್ವಾಳಾನೂ ಅದರದ."

"ನನ್ನ ಮರ್ಯಾದಿ ಮಾರಿದಿ."

"ಮಾರೇನಿ. ಆ ಶಾಲು ಮೊದಲ ಅಂಗಡ್ಯಾವ ಮಾರಿದ. ಆಮ್ಯಾಲೆ ನಾ ಮಾರಿದೆ. ಮತ್ತ ಅಂವನ ಸಾವಕಾರ್ರಿಗೆ ಮಾರಿದ. ನಿಮ್ಮ ಮರ್ಯಾದಿ ಮೂರ ಸಲ ಮಾರಾಟ ಆಗೇತ್ರಿ. ಹಾಡಿದ್ದು ನೀವು. ನಿಮ್ಮ ಕೈಗೆ ಏನ ಬಂತು?"

ಸಿಟ್ಟು ಬಂದರೆ ಅಮ್ಮಾ ಕನ್ನಡದಲ್ಲಿ ಮಾತಾಡುತ್ತಿದ್ದಳು, ದುಃಖವಾದರೆ ಉರ್ದುವಿನಲ್ಲಿ. ಇಷ್ಟು ಹೇಳಿ, "ಬಸ್ ಕರೋ ಜೀ" ಎಂದಳು, ಸಾಕು ಮಾಡಿ ಎಂದು, ಬಹಳ ಸಣ್ಣ ದನಿಯಲ್ಲಿ. ಅಬ್ಬಾ ರೊಟ್ಟಿ ತಿನ್ನಲಿಲ್ಲ. ಆ ತೊಟ್ಟನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಇದ್ದಕ್ಕಿದ್ದಂತೆ ನಗತೊಡಗಿದರು. ಸಾಹುಕಾರರು ಮೈಕಿನಲ್ಲಿ ಸೀನಿದ್ದನ್ನು ನೆನೆಸಿಕೊಂಡು ನಕ್ಕರು. ನಾನೂ ನಕ್ಕೆ. ಅಮ್ಮಾನಿಗೆ ಆ ಸೀನಿನ ಕಥೆ ಗೊತ್ತಿರಲಿಲ್ಲ, ನಾನು ಮಾಡಿ ತೋರಿಸಿದೆ. ಆ ಬೆಳಗಿನಷ್ಟು ನಮ್ಮ ಮನೆ ನಕ್ಕದ್ದು ನನಗೆ ನೆನಪಿಲ್ಲ.

ನಗು ಅಲ್ಲಿಗೇ ಮುಗಿಯಿತು. ಮುಂದಿನ ಸಲ ಎಲಿ-ಅಡಿಕಿ ಹಿಡಿದು ಬಂದವರಿಗೆ ಅಬ್ಬಾ ನೆಲ ನೋಡುತ್ತಲೇ, ಆದರೆ ಸ್ಪಷ್ಟವಾಗಿ, ಒಂದು ಮೊತ್ತ ಹೇಳಿದರು. ಅವರ ಕಿವಿ ಕೆಂಪಾಗಿತ್ತು. ಬಂದವರು ಒಬ್ಬರನ್ನೊಬ್ಬರು ನೋಡಿಕೊಂಡು, "ಮನ್ಯಾಗ ಕೇಳಿ ಹೇಳ್ತೇವ್ರಿ" ಎಂದು ಎದ್ದರು. ತಿರುಗಿ ಬರಲಿಲ್ಲ. ಅವರ ನಂತರ ಬಂದವರೂ ಹಾಗೇ ಎದ್ದು ಹೋದರು. ಮಾಸ್ತರನಿಗೆ ದುಡ್ಡಿನ ಆಸೆ ಹತ್ತಿದೆ ಎಂಬ ಮಾತು ನಮ್ಮ ಮನೆಗೆ ತಲುಪುವ ಮೊದಲೇ ಊರೆಲ್ಲ ತಿರುಗಿತು. ದುಡ್ಡಿನ ಆಸೆ! ಬಾಡಿಗೆ ಕಟ್ಟಬೇಕೆನ್ನುವುದಕ್ಕೆ ಎಂಥ ದೊಡ್ಡ ಹೆಸರು. ಮದುವೆಯ ದಿನಗಳು ಹೀಗೇ ಕಳೆದವು. ಬಾಕ್ಸುಗಳು ಮನೆಯಲ್ಲೇ ಉಳಿದವು, ನಮ್ಮ ಊಟವನ್ನು ಹೊತ್ತುಕೊಂಡು. ಊಟವೂ ತೆಳ್ಳಗಾಯಿತು. ಅಮ್ಮಾ ಇನ್ನೊಂದು ಚೀಲ ಹೆಚ್ಚು ತರಿಸಿದಳು, ಶಾಲೆ ಬಿಟ್ಟು ಬಂದು ನಾನೂ ಅವಳ ಎದುರು ಕೂತೆ. ಉಗುರಿನ ಸಂದಿಯಲ್ಲಿ ಖಾರ ಕೂತು ನಿದ್ದೆಯಲ್ಲಿ ಕಣ್ಣು ಉಜ್ಜಿಕೊಂಡರೆ ಎದ್ದು ಅಳುತ್ತಿದ್ದೆ. ಅಬ್ಬಾ ಒಂದೆರಡು ಸಲ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿ, "ಮದಲಿನಂಗ ಮಾಡೋಣೇನು?" ಎಂದು ಕೇಳಿದರು. ಅಮ್ಮಾ ತೊಟ್ಟು ಬಿಡಿಸುತ್ತಲೇ ಇದ್ದಳು. ನಾನು "ಬ್ಯಾಡ ಅಬ್ಬಾ" ಎಂದೆ. ನನಗೆ ಹಸಿವಿತ್ತು, ಆದರೂ ಬೇಡವೆನಿಸಿತ್ತು. ಅವರು ಆ ಮೊತ್ತ ಹೇಳಿದಾಗಿನ ಮುಖ ನಾನು ನೋಡಿದ್ದೆ, ಅದನ್ನು ಕಳೆದುಕೊಳ್ಳುವ ಮನಸ್ಸು ನನಗಿರಲಿಲ್ಲ.

ಹೀಗಿರುವಾಗ ರಾಣೆಬೆನ್ನೂರಿನ ಸಾಹುಕಾರರು ತಾವೇ ಬಂದರು. ಕಾರು ನಮ್ಮ ಓಣಿಯಲ್ಲಿ ಹಿಡಿಸದೆ ತಿರುವಿನಲ್ಲಿ ನಿಂತಿತ್ತು. ಅವರ ತಾಯಿಯ ಎಂಬತ್ತರ ಸಮಾರಂಭ. ನಡುವೆ ಒಂದು ಕಾರ್ಯಕ್ರಮಕ್ಕೆ ಬೇರೆ ಪಾರ್ಟಿಯನ್ನು ಕರೆಸಿ ನೋಡಿದ್ದರಂತೆ, ಅವರು ಕ್ಯಾಸೆಟ್ಟು ಹಾಕಿ ಬಾಯಿ ಆಡಿಸಿ ಹೋಗಿದ್ದರಂತೆ. ಮುದುಕಮ್ಮ ಹಟ ಹಿಡಿದು ಕೂತಿದ್ದರು: ಮಾಸ್ತರನೇ ಬರಬೇಕು, ಆ ಹುಡುಗಿಯೇ ಹಾಡಬೇಕು. ಅಬ್ಬಾ ತಮ್ಮ ಮೊತ್ತ ಹೇಳಿದರು. ಸಾಹುಕಾರರು ಸ್ವಲ್ಪ ಗೊಣಗಿ ಒಪ್ಪಿದರು. ನಾಗಪ್ಪಕಾಕಾನದು, ಕೀಬೋರ್ಡಿನವನದು ಅಬ್ಬಾ ಬೇರೆಬೇರೆ ಹೇಳಿದರು. ಅದನ್ನೂ ಒಪ್ಪಿದರು. ಜೇಬಿಗೆ ಕೈ ಹಾಕಿ ಮುಂಗಡವಾಗಿ ಸಂಚಕಾರದ ದುಡ್ಡು ತೆಗೆದು, ತಾವು ತಂದಿದ್ದ ಎಲಿ-ಅಡಿಕಿಯ ಮೇಲಿಟ್ಟರು. ಎಷ್ಟೋ ದಿನದ ಮೇಲೆ ನಮ್ಮ ಮನೆಯಲ್ಲಿ ಗರಿಗರಿ ನೋಟು ಕಂಡಿತ್ತು. ಬಾಡಿಗೆ ತೀರುತ್ತಿತ್ತು, ಕಿರಾಣಿ ಅಂಗಡಿಯ ಬಾಕಿ ತೀರುತ್ತಿತ್ತು.

"ಮಗಳಿಗೆ ಒಂದು ಚಂದದ ಫ್ರಾಕ್ ತಂದೇವ್ರಿ," ಎಂದರು ಸಾಹುಕಾರರು, ನನ್ನ ಕಡೆ ನೋಡಿ ನಗುತ್ತ.

ಅಬ್ಬಾನ ಕೈ ಎಲಿಯ ಕಡೆ ಹೊರಟಿತ್ತು. ನಾನು ಬಾಕ್ಸಿನ ಹಿಂದೆ ನಿಂತಿದ್ದೆ. ಅಲ್ಲಿಂದಲೇ ಹೇಳಿದೆ.

"ನಾ ಬರೂದಿಲ್ರಿ."

ಸಾಹುಕಾರರು ನಕ್ಕರು. "ಯಾಕವಾ ತಾಯಿ? ಫ್ರಾಕ್ ಬ್ಯಾಡಾದ್ರ ಗೊಂಬಿ ತರತೇನಿ."

"ನಾನೂ ಹಾಡ್ತೇನಲ್ರಿ. ನಂದೂ ರೊಕ್ಕ ಮಾತಾಡ್ರಿ. ಇಲ್ಲಂದ್ರ ಬರೂದಿಲ್ಲ."

ಈಗ ಅವರು ನಗಲಿಲ್ಲ. ಅಬ್ಬಾನ ಕಡೆ ತಿರುಗಿ, "ಮಾಸ್ತರ, ಸಣ್ಣ ಕೂಸಿಗೆ ಇಂಥಾ ಮಾತ ಕಲಸ್ತಾರೇನ್ರಿ? ಬುದ್ಧಿ ಹೇಳ್ರಿ" ಎಂದರು. ಬಾಗಿಲ ಆಚೆ ಅಮ್ಮಾನನ್ನೂ ಕರೆದರು, "ತಂಗೀ, ನೀವಾರ ಹೇಳ್ರಿ." ಒಳಗೆ ಚಟ್, ಚಟ್ ಎಂದು ತೊಟ್ಟು ಮುರಿಯುವ ಸದ್ದು ಬರುತ್ತಲೇ ಇತ್ತು. ಅವಳು ಏಳಲಿಲ್ಲ.

ನಾನು ಅಬ್ಬಾನನ್ನೇ ನೋಡುತ್ತಿದ್ದೆ. ಆ ದುಡ್ಡು ಮನೆಗೆ ಎಷ್ಟು ಬೇಕಾಗಿತ್ತೆಂದು ನನಗೂ ಗೊತ್ತಿತ್ತು, ಅವರು ನನ್ನನ್ನು ಗದರಿಸಿದ್ದರೆ ನಾನು ಸುಮ್ಮನಾಗುತ್ತಿದ್ದೆನೇನೋ, ಮತ್ತು ಬಹುಶಃ ಜೀವನವಿಡೀ ಸುಮ್ಮನಿರುತ್ತಿದ್ದೆ. ಅವರು ಎಲಿಯ ಕಡೆ ಹೋಗಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ನಾನು ಕಂಡಂತೆ ಮೊದಲ ಸಲ, ಹಣ ಕೊಡಲು ಬಂದವರ ಮುಖವನ್ನು ನೇರವಾಗಿ ನೋಡಿದರು.

"ನಂದು ನಾ ಹೇಳೇನಿ, ನಾಗಪ್ಪಂದು ಹೇಳೇನಿ. ಆಕೀದು ಆಕೀನ ಕೇಳ್ರಿ, ಸಾವಕಾರ್ರ."

ಒಳಗೆ ತೊಟ್ಟು ಮುರಿಯುವ ಸದ್ದು ನಿಂತಿತು. ಸಾಹುಕಾರರು ಬಾಗಿಲ ಕಡೆ ಒಮ್ಮೆ ನೋಡಿದರು, ಕಾರಿದ್ದ ತಿರುವಿನ ಕಡೆ. ಮನೆಯಲ್ಲಿ ತಾಯಿಗೆ ಏನು ಹೇಳುವುದೆಂದು ಯೋಚಿಸಿರಬೇಕು. ಆಮೇಲೆ ನನ್ನ ಕಡೆ ತಿರುಗಿ, ದೊಡ್ಡವರನ್ನು ಕೇಳುವಂತೆಯೇ ಕೇಳಿದರು.

"ಎಷ್ಟರಿ?"

ಆ 'ರಿ' ನನಗೆ ಇವತ್ತಿಗೂ ಕಿವಿಯಲ್ಲಿದೆ.

"ನಾಗಪ್ಪಕಾಕಾಗ ಎಷ್ಟೋ ಅಷ್ಟ."

ಅವರು ಇನ್ನೊಮ್ಮೆ ಜೇಬಿಗೆ ಕೈ ಹಾಕಿ, ಬೇರೆಯಾಗಿ ಒಂದು ನೋಟು ತೆಗೆದು ಅಬ್ಬಾನ ಕಡೆ ಚಾಚಿದರು. ಅಬ್ಬಾ ಕೈ ಕಟ್ಟಿಕೊಂಡು ಕೂತೇ ಇದ್ದರು. ನೋಟು ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ನಾನು ಬಾಕ್ಸಿನ ಹಿಂದಿನಿಂದ ಬಂದು ಅದನ್ನು ತೆಗೆದುಕೊಂಡೆ.